ಆಡಿ ಸಾಹೇಬರೂ ಕೆಂಪು ಪ್ಲಸ್ಸೂ

ವರ್ಡ್‌ನಲ್ಲಿ ಟೈಪ್ ಮಾಡುವವರಲ್ಲಿ ಎರಡು ಪಂಗಡ. ಸ್ಪೇಸ್ ಬಾರ್ ಒತ್ತಿ ಒತ್ತಿ ಶೀರ್ಷಿಕೆಯನ್ನು ನಟ್ಟನಡುವೆ ತಂದು ನಿಲ್ಲಿಸುವವರದು ಒಂದು. ಎಂಟರ್ ಹೊಡೆದೂ ಹೊಡೆದೂ ಮುಂದಿನ ಪುಟಕ್ಕೆ ಇಳಿಯುವವರದು ಇನ್ನೊಂದು. ಎರಡೂ ವಿದ್ಯೆ ಬಲ್ಲವರನ್ನು ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಗೆ ಹಾಕಿಕೊಳ್ಳುತ್ತಾರೆ.

ನನ್ನದು ತಾಲ್ಲೂಕು ಕೇಂದ್ರದಲ್ಲೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಬಿಲ್ ಬುಕ್ಕು, ಇವು ದಿನದ ಅನ್ನ. ಆಗೊಮ್ಮೆ ಈಗೊಮ್ಮೆ ಸ್ಮರಣ ಸಂಚಿಕೆ ಬರುತ್ತದೆ. ಈ ಸಲದ್ದು ಒಂದು ಶಾಲೆಯ ಶತಮಾನೋತ್ಸವದ್ದು. ಸಂಪಾದಕರು ಅಲ್ಲೇ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಪೆನ್‌ಡ್ರೈವನ್ನು ಟೇಬಲ್ ಮೇಲಿಟ್ಟು, "ಎಲ್ಲಾ ಟೈಪ್ ಆಗಿದೆ ಕಣಯ್ಯಾ, ನೀನು ಪೇಜ್ ಮಾಡಿಬಿಟ್ರೆ ಮುಗೀತು" ಅಂದರು. ಒಳಗಿದ್ದ ಫೈಲುಗಳಲ್ಲಿ ಒಂದರ ಹೆಸರು 'ಫೈನಲ್', ಇನ್ನೊಂದರದು 'ಫೈನಲ್ ಹೊಸದು', ಮತ್ತೊಂದರದು 'ಇದೇ ಹಾಕಿ'. ಒಬ್ಬ ಹಳೇ ವಿದ್ಯಾರ್ಥಿಯಂತೂ ಲೇಖನವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಆ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದ್ದರು.

ಟೆಂಪ್ಲೇಟ್, ಅಂದರೆ ಪುಟಗಳಿಗೆಲ್ಲ ಮೊದಲೇ ಮಾಡಿಟ್ಟ ಅಚ್ಚು ಮಾತ್ರ ಬಲು ಸೊಗಸಾಗಿತ್ತು, ಅದನ್ನು ನಾನೇ ಹೇಳಿಕೊಳ್ಳಬೇಕು. 1/8 ಡೆಮಿ, ಅಂದರೆ 5.5 ಇಂಚು ಅಗಲ, 8.5 ಇಂಚು ಎತ್ತರ. ಎಲ್ಲ ಪುಟಕ್ಕೂ ಮಾದರಿಯಾದ ಮಾಸ್ಟರ್ ಪೇಜಿನಲ್ಲಿ ಪುಟಸಂಖ್ಯೆ, ತಲೆಬರಹ, ಶಾಲೆಯ ಗೋಪುರದ ಪುಟ್ಟ ಚಿತ್ರ. ಶೀರ್ಷಿಕೆಗೆ 20 ಪಾಯಿಂಟ್, ಲೇಖಕರ ಹೆಸರಿಗೆ 13, ಒಳಗಿನ ಪಠ್ಯಕ್ಕೆ, ಅಂದರೆ 'ಬಾಡಿ'ಗೆ, 12, ಸಾಲಿನಿಂದ ಸಾಲಿಗೆ 17. ಅಂತರ ಇದಕ್ಕಿಂತ ತೀರಾ ಕಮ್ಮಿಯಾದರೆ ಮೇಲಿನ ಸಾಲಿನ 'ರಾಷ್ಟ್ರೀಯ'ದ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಕಾಲು ಚಾಚುತ್ತದೆ. ಇಂಗ್ಲಿಷಿಗೆ ಈ ತಾಪತ್ರಯವಿಲ್ಲ, ಅದು ಬೇಸ್‌ಲೈನಿನ ಕೆಳಗೆ ಒಂದು ವೈ, ಒಂದು ಜಿ ಇಳಿಬಿಟ್ಟು ಸುಮ್ಮನಾಗುತ್ತದೆ. ಇಷ್ಟು ಸಿದ್ಧವಿದ್ದರೆ ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ ವರ್ಡ್ ಫೈಲನ್ನು ಪ್ಲೇಸ್ ಮಾಡಿ, ಶಿಫ್ಟ್ ಹಿಡಿದು ಒಂದು ಕ್ಲಿಕ್. ಪಠ್ಯ ತಾನಾಗಿ ಪುಟದಿಂದ ಪುಟಕ್ಕೆ ಹರಿಯುತ್ತದೆ, ಪುಟ ಸಾಲದಿದ್ದರೆ ತಾನೇ ಹುಟ್ಟಿಸಿಕೊಳ್ಳುತ್ತದೆ. ಮೇಷ್ಟ್ರು ಬಂದಾಗಲೆಲ್ಲ ನಾನು ಇದನ್ನು ಮಾಡಿ ತೋರಿಸಿ ಚಹಾ ಸಂಪಾದಿಸುತ್ತಿದ್ದೆ.

ಆದರೆ ಹರಿಯುವುದಕ್ಕೆ ಮೊದಲು ಅದು ಕನ್ನಡವಾಗಬೇಕಲ್ಲ. ಮುಕ್ಕಾಲು ಪಾಲು ಲೇಖನಗಳು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟುಗಳಲ್ಲಿದ್ದವು. ಆ ಫಾಂಟುಗಳಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿರುತ್ತವೆ. ದೊಡ್ಡ ಡಿ ಇರುವ ಜಾಗದಲ್ಲಿ 'ಆ', ಸಣ್ಣ ಆರ್ ಇರುವಲ್ಲಿ 'ಡಿ', ದೊಡ್ಡ ಎಮ್ಮಿನಲ್ಲಿ 'ಒ', ಎಲ್ಲಿನಲ್ಲಿ 'ಐ', ಎ ಇದ್ದಲ್ಲಿ ಸೊನ್ನೆ. ಪರಿವರ್ತಕಕ್ಕೆ ಹಾಕಿದರೆ ಅದು ಪಾಪ ಎಲ್ಲರನ್ನೂ ಬಾಡಿಗೆದಾರರೆಂದೇ ತಿಳಿದು, ಈಗಿನ ಕಂಪ್ಯೂಟರುಗಳೆಲ್ಲ ಓದುವ ಯೂನಿಕೋಡ್ ಕನ್ನಡ ಮಾಡಿಬಿಡುತ್ತದೆ, ಮಧ್ಯೆ ಮನೆಯ ಯಜಮಾನರೇ ಕೂತಿದ್ದರೂ ಕೇಳುವುದಿಲ್ಲ. ಶಾಲೆಯಲ್ಲಿ ಓದಿ ವೈದ್ಯರಾದವರೊಬ್ಬರು ಹೆಸರಿನ ಹಿಂದೆ ಇಂಗ್ಲಿಷಿನಲ್ಲಿ ಡಾಕ್ಟರ್ ಎಂದು ಎರಡಕ್ಷರ ಹಾಕಿಕೊಂಡಿದ್ದರು. ಪ್ರೂಫಿನಲ್ಲಿ ಅವರು ಪುಟಪುಟಕ್ಕೂ 'ಆಡಿ.' ಎಂದೇ ಕಾಣಿಸಿಕೊಂಡರು. ಎಮ್ಮೆ ಮಾಡಿದ ಮೇಡಮ್ಮು 'ಒಂ' ಆದರು. ಕೊನೆಗೆ ಶಾಸಕರ ಸಂದೇಶ ಬಂತು. ಸಹಿಯ ಕೆಳಗೆ 'ಒಐಂ'.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಇದೇನಯ್ಯಾ, ಬೀಜಮಂತ್ರ?"

"ಎಮ್ಮೆಲ್ಲೆ ಸಾರ್."

"ಇರಲಿ ಬಿಡು, ಅವ್ರೂ ಆಗಾಗ ಕಣ್ಣಿಗೆ ಬೀಳೋರಲ್ಲ" ಅಂದು ಕೆಂಪು ಪೆನ್ನಿನಲ್ಲಿ ತಿದ್ದಿದರು.

ಅದಾದ ಮೇಲೆ 'ಸ್ವಾತಂತ್ರ್ಯ' ಒಡೆದು 'ಸ್‌ವಾತಂತ್‌ರ್‌ಯ' ಆಗಿ ಕೂತಿತು. ಅಕ್ಷರದ ಗಾತ್ರ, ಅಂತರಗಳ ನಿಯಮವನ್ನೆಲ್ಲ ಒಂದೆಡೆ ಕಟ್ಟಿಡುವ ಪ್ಯಾರಾಗ್ರಾಫ್ ಸ್ಟೈಲಿನೊಳಗೆ ವರ್ಲ್ಡ್-ರೆಡಿ ಕಂಪೋಸರ್ ಅಂತ ಒಂದಿದೆ, ಅದನ್ನು ಆರಿಸಿದರೆ ಒತ್ತುಗಳು ಮತ್ತೆ ತಂತಮ್ಮ ಅಕ್ಷರದ ಕೆಳಗೆ ಬಂದು ಸೇರುತ್ತವೆ. ಇಂಥ ರಗಳೆ ಬೇಡವೆಂದೇ ನಮ್ಮ ಬೀದಿಯ ಇನ್ನೊಂದು ಅಂಗಡಿಯವರು 2001ರಲ್ಲಿ ಬಂದ, ಪುಟ ಕಟ್ಟುವ ಹಳೇ ತಂತ್ರಾಂಶ ಪೇಜ್‌ಮೇಕರ್ 7ನ್ನು ಇವತ್ತಿಗೂ ಬಿಟ್ಟಿಲ್ಲ. ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ, ಆದ್ದರಿಂದ ಜಗಳವೂ ಇಲ್ಲ. ಆ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟಿಲ್ಲ, ಆಯುಧಪೂಜೆಯಲ್ಲಿ ಮೊದಲ ಕುಂಬಳಕಾಯಿ ಅದಕ್ಕೇ.

ಸಾಲು ಸಾಲಿಗೂ ಎಂಟರ್ ಹೊಡೆದವರ ಲೇಖನಗಳನ್ನು ಪುಟಕ್ಕೆ ಹರಿಸಿದರೆ ಅರ್ಧ ಸಾಲು, ಕಾಲು ಸಾಲು, ಮತ್ತೆ ಮುಕ್ಕಾಲು ಸಾಲಾಗಿ ಬಂದು ನಿಲ್ಲುತ್ತವೆ. ಇದಕ್ಕೆ ಮದ್ದಿದೆ. ಜೋಡಿ ಎಂಟರ್ ಇದ್ದಲ್ಲಿ ಮೂರು ನಕ್ಷತ್ರ ಹಾಕುವುದು, ಒಂಟಿ ಎಂಟರುಗಳನ್ನೆಲ್ಲ ಸ್ಪೇಸಿಗೆ ಬದಲಿಸುವುದು, ಆಮೇಲೆ ನಕ್ಷತ್ರಗಳನ್ನು ಮತ್ತೆ ಎಂಟರ್ ಮಾಡುವುದು. ಅಂಗಡಿಯ ಹುಡುಗ ಇದನ್ನು ಕಲಿತ ಉತ್ಸಾಹದಲ್ಲಿ ಫೋಲ್ಡರಿನ ಎಲ್ಲ ಫೈಲುಗಳಿಗೂ ಪ್ರಯೋಗ ಮಾಡಿದ. ಅವುಗಳಲ್ಲಿ ಕವನಗಳೂ ಇದ್ದವು. 'ನನ್ನ ಶಾಲೆ' ಎಂಬ ನವ್ಯ ಕವಿತೆಯೊಂದು ಒಂದೇ ಪ್ಯಾರಾ ಆಗಿ, ಎರಡೂ ಅಂಚಿಗೆ ಜಸ್ಟಿಫೈ ಆಗಿ, ಇಟ್ಟಿಗೆಯ ಹಾಗೆ ಕೂತಿತ್ತು. ಮೇಷ್ಟ್ರು ಪ್ರೂಫ್ ಓದಿ, "ಈತ ಕೊನೆಗೂ ಒಳ್ಳೇ ಗದ್ಯ ಬರೆದಿದ್ದಾನೆ" ಎಂದು ತಲೆದೂಗಿದರು. ಕವಿಗಳು ಖುದ್ದಾಗಿ ಅಂಗಡಿಗೆ ಬಂದರು. ನನ್ನ ಪಕ್ಕ ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ, "ಇಲ್ಲಿ ಎಂಟರ್... ಇಲ್ಲಿ ಎಂಟರ್... ತಡೀರಿ..." ಎಂದು ಹೇಳುತ್ತಾ ಹೋದರು. ಮೂರನೇ ಪದ್ಯಕ್ಕೆ ಬರುವ ಹೊತ್ತಿಗೆ ಸಾಲು ಎಲ್ಲಿ ಮುರಿದಿತ್ತೆಂಬುದು ಅವರಿಗೇ ಮರೆತಿತ್ತು. "ನಿಮಗೆ ಎಲ್ಲಿ ಚೆನ್ನಾಗಿ ಕಾಣುತ್ತೋ ಅಲ್ಲಿ ಹೊಡೀರಿ" ಅಂದರು. ಹೊಡೆದೆ. ಆ ಪದ್ಯದಲ್ಲಿ ನನ್ನದೂ ಒಂದು ಪಾಲಿದೆ.

ದಾನಿಗಳ ಪಟ್ಟಿಯದು ಇದಕ್ಕಿಂತ ಗಂಭೀರ. ಖಜಾಂಚಿಗಳು ಅದನ್ನು ಟೇಬಲ್ ಹಾಕಿ ಮಾಡಿರಲಿಲ್ಲ, ಟ್ಯಾಬ್ ಕೂಡ ಒತ್ತಿರಲಿಲ್ಲ. ಹೆಸರು, ಆಮೇಲೆ ಬೇಕಾದಷ್ಟು ಸ್ಪೇಸು, ಆಮೇಲೆ ಮೊತ್ತ. ಅವರ ಕಂಪ್ಯೂಟರಿನಲ್ಲಿ ಮೊತ್ತಗಳೆಲ್ಲ ಕವಾಯತಿಗೆ ನಿಂತ ಹಾಗೆ ನೆಟ್ಟಗಿದ್ದವಂತೆ. ನಮ್ಮ ಟೆಂಪ್ಲೇಟಿನ ಫಾಂಟಿಗೆ ಬಂದದ್ದೇ ಉದ್ದ ಹೆಸರಿನವರ ಮೊತ್ತ ಕೆಳಗಿನ ಸಾಲಿಗೆ ಜಾರಿ, 501 ಕೊಟ್ಟವರ ಹೆಸರಿನ ಮುಂದೆ 25,001 ಬಂದು ನಿಂತಿತು. ಆ ಪ್ರೂಫನ್ನು ಯಾರೋ ಫೋಟೊ ತೆಗೆದು ವಾಟ್ಸ್ಯಾಪ್ ಗುಂಪಿಗೆ ಹಾಕಿದರು. 25,001 ಕೊಟ್ಟವರು ರಾತ್ರಿಯೇ ಫೋನ್ ಮಾಡಿದರು. 501 ಕೊಟ್ಟವರು ಇವತ್ತಿನವರೆಗೆ ಮಾಡಿಲ್ಲ.

ಇನ್‌ಡಿಸೈನಿನಲ್ಲಿ ನನ್ನನ್ನು ಕಾಡುವ ಪ್ಲಸ್ ಚಿಹ್ನೆಗಳು ಎರಡು. ಒಂದು ಸ್ಟೈಲಿನ ಹೆಸರಿನ ಪಕ್ಕ ಬರುವುದು. ಇಲ್ಲಿ ಯಾರೋ ನಿಯಮ ಮೀರಿ ದಪ್ಪ ಮಾಡಿದ್ದಾರೆ, ಓರೆ ಮಾಡಿದ್ದಾರೆ ಅಂತ ಅದರ ದೂರು. ಆಲ್ಟ್ ಹಿಡಿದು ಕ್ಲಿಕ್ಕಿಸಿದರೆ ಹೋಗುತ್ತದೆ. ಇನ್ನೊಂದು ಚೌಕಟ್ಟಿನ ಬಲಮೂಲೆಯ ಕೆಳಗೆ ಕೆಂಪಗೆ ಮೂಡುವುದು. ಒಳಗೆ ಜಾಗವಿಲ್ಲ, ಇನ್ನೂ ಪಠ್ಯ ಬಾಕಿಯಿದೆ ಎಂದರ್ಥ. ಮದುವೆಮನೆಯ ಪಂಕ್ತಿಯಲ್ಲಿ ಉಣ್ಣುವವರ ಬೆನ್ನಿಗೇ ಬಂದು ಮುಂದಿನವರು ನಿಂತಿರುತ್ತಾರಲ್ಲ, ಹಾಗೆ. ಸಂದೇಶಗಳಿಗೆ ನಾವು ತಲೆಗೊಂದೇ ಪುಟ ಇಟ್ಟಿದ್ದೆವು. ಗೌರವಾಧ್ಯಕ್ಷರದು ಒಂದೂವರೆ ಪುಟ ಬಂತು, ಕೂಡಲೇ ಕೆಂಪು ಪ್ಲಸ್ಸು. ಅವರನ್ನು ಕೇಳಿದರೆ ಷರತ್ತು ಮೂರು: ಒಂದೇ ಪುಟದಲ್ಲಿರಬೇಕು, ಒಂದು ಪದವೂ ಬಿಡಬಾರದು, ಅಕ್ಷರ ಅಧ್ಯಕ್ಷರದಕ್ಕಿಂತ ದಪ್ಪಗಿರಬೇಕು. ಅವರ ಫೋಟೊ ಚಿಕ್ಕದು ಮಾಡೋಣವೇ ಎಂದು ಕೇಳುವ ಧೈರ್ಯ ಮೇಷ್ಟ್ರಿಗೂ ಬರಲಿಲ್ಲ. ಆ ಪುಟಕ್ಕೆ ಮಾತ್ರ ಎರಡೂ ಪ್ಲಸ್ಸುಗಳ ಎದುರು ನಾನು ಸೋತು, ಶಾಲೆಯ ಗೋಪುರ ತೆಗೆದುಹಾಕಿದೆ.

ಇಷ್ಟೆಲ್ಲ ಆಗಿ ಪುಸ್ತಕ 98 ಪುಟಕ್ಕೆ ನಿಂತಿತು. ಪ್ರೆಸ್ಸಿನಲ್ಲಿ 16 ಪುಟಕ್ಕೊಂದು ಫಾರಂ, ಆರು ಫಾರಮಿಗೆ 96. ಎರಡು ಪುಟಕ್ಕಾಗಿ ಇನ್ನೊಂದು ಫಾರಂ ಅಂದರೆ ಖಜಾಂಚಿಗಳ ಮುಖ ನೋಡಲಾಗದು. ಟೆಂಪ್ಲೇಟ್ ಋಣ ತೀರಿಸಿದ್ದು ಇಲ್ಲಿ. ಬಾಡಿ ಸ್ಟೈಲಿನಲ್ಲಿ 17ನ್ನು 16.5 ಮಾಡಿದೆ, ಇಡೀ ಪುಸ್ತಕ ಒಮ್ಮೆ ಉಸಿರು ಬಿಗಿಹಿಡಿದು 95ಕ್ಕೆ ಬಂತು. ಕೊನೆಗೊಂದು ಖಾಲಿ ಪುಟವೂ ಉಳಿಯಿತು.

ಆಗ ಮೇಷ್ಟ್ರು ಫೈನಲ್ ಪ್ರೂಫಿನಲ್ಲಿ ತಮ್ಮ ಲೇಖನಕ್ಕೆ ಒಂದೇ ಒಂದು ಸಾಲು ಸೇರಿಸಿದರು. ಆ ಲೇಖನ ಪುಟದ ಕಟ್ಟಕಡೆಯ ಸಾಲಿಗೆ ಮುಗಿದಿತ್ತು. ಹೊಸ ಸಾಲು ಮುಂದಿನ ಪುಟಕ್ಕೆ ಜಿಗಿದು ಅಲ್ಲಿ ಒಂಟಿಯಾಗಿ ಕೂತಿತು. ಅದರ ಮುಂದಿನದೆಲ್ಲ ಒಂದೊಂದು ಪುಟ ಸರಿಯಿತು. 48 ಮತ್ತು 49ರ ಮೇಲೆ ಎದುರುಬದುರು ಹರಡಿಕೊಂಡಿದ್ದ ಹತ್ತನೇ ತರಗತಿಯ ಹಳೇ ಗ್ರೂಪ್ ಫೋಟೊ 49 ಮತ್ತು 50ಕ್ಕೆ ಹೋಯಿತು. ಅಂದರೆ ಒಂದೇ ಹಾಳೆಯ ಆಚೆ ಬದಿಗೆ ಅರ್ಧ ಕ್ಲಾಸು, ಈಚೆ ಬದಿಗೆ ಅರ್ಧ. ನಡುವೆ ಕೂತಿದ್ದ ಹೆಡ್‌ಮಾಸ್ಟರರ ಒಂದು ಕಿವಿ ಇಲ್ಲಿ, ಇನ್ನೊಂದು ಅಲ್ಲಿ.

"ಸಾರ್, ಒಂದು ವಿಶೇಷಣ ತೆಗೀರಿ, ಸಾಲು ಮೇಲೆ ಬರುತ್ತೆ."

"ಯಾವುದನ್ನ ತೆಗೀಲಯ್ಯಾ? ಪ್ರಾತಃಸ್ಮರಣೀಯರಾ, ಕರ್ಮಯೋಗಿಗಳಾ?"

ಎರಡನ್ನೂ ತೆಗೆಯಲಿಲ್ಲ. ಆ ಪ್ಯಾರಾದ ಅಕ್ಷರಗಳ ನಡುವಿನ ಅಂತರವನ್ನು ಕಣ್ಣಿಗೆ ಕಾಣದಷ್ಟು ಬಿಗಿ ಮಾಡಿ, ಹೆಡ್‌ಮಾಸ್ಟರರ ಕಿವಿಗಳನ್ನು ಎದುರುಬದುರು ಕೂರಿಸಿದೆ.

ಸಂಚಿಕೆ ಬಿಡುಗಡೆಯಾಯಿತು, ನನಗೂ ಒಂದು ಶಾಲು ಬಂತು. ಮರುದಿನ ಬೆಳಿಗ್ಗೆ ಖಜಾಂಚಿಗಳ ಫೋನು. ಬೆಂಗಳೂರಿನ ಹಳೇ ವಿದ್ಯಾರ್ಥಿಗಳು ಪುಸ್ತಕವನ್ನು ಮೊಬೈಲಿನಲ್ಲಿ ಓದಬೇಕಂತೆ, ಅಲ್ಲಲ್ಲಿ ತಿದ್ದಲೂಬೇಕಂತೆ.

"ಪಿಡಿಎಫ್ ಬೇಡ ಕಣ್ರೀ. ಪೂರ್ತಿ ವರ್ಡ್‌ನಲ್ಲಿ ಹಾಕಿ ಕೊಡಿ. ನುಡಿಯಲ್ಲೇ ಇರಲಿ, ನಮಗೆ ಅದೇ ಅಭ್ಯಾಸ."