ಸರ್ಟ್ಸಿ ದ್ವೀಪದ ಟೊಮೆಟೊ ಗಿಡ

ಕೋಲಾರದವರಾದ ನಮಗೆ ಟೊಮೆಟೊ ಎಂದರೆ ಅನ್ನ. ಗಿಡ ಕಿತ್ತರೆಂದು ಕೇಳಿದರೂ ಕರುಳು ಚುರುಕ್ ಎನ್ನುತ್ತದೆ. ಆದರೂ ಐಸ್‌ಲ್ಯಾಂಡಿನ ಸರ್ಟ್ಸಿ ದ್ವೀಪದಲ್ಲಿ ಒಂದು ಟೊಮೆಟೊ ಗಿಡವನ್ನು ಕಿತ್ತು ಹಾಕಿದ ಸಂಗತಿ ಓದಿದಾಗಿನಿಂದ, ಕಿತ್ತವರ ಮೇಲೆ ನನಗೆ ತುಂಬು ಗೌರವ.

1963ರ ನವೆಂಬರ್ 14ರ ಬೆಳಿಗ್ಗೆ ಮೀನುಗಾರರಿಗೆ ಕಡಲಿನ ನಡುವೆ ಹೊಗೆ ಕಾಣಿಸಿತು. ಸುಮಾರು 130 ಮೀಟರ್ ಆಳದ ತಳದಲ್ಲಿ ಜ್ವಾಲಾಮುಖಿ ಬಾಯಿ ತೆರೆದಿತ್ತು. ಅದು ಉಗುಳಿದ್ದೆಲ್ಲ ಪೇರಿಕೊಂಡು ದ್ವೀಪವಾಯಿತು. ಬೆಂಕಿ ಆರಿದ್ದು 1967ರ ಜೂನ್‌ನಲ್ಲಿ. ಆದರೆ 1965ರಲ್ಲಿಯೇ ಅದನ್ನು ಸಂರಕ್ಷಿತ ನೆಲವೆಂದು ಸಾರಿದ್ದರು. ಅನುಮತಿ ಪಡೆದ ಸಂಶೋಧಕರ ಹೊರತು ಯಾರೂ ಅಲ್ಲಿ ಕಾಲಿಡುವಂತಿಲ್ಲ. 2008ರಲ್ಲಿ ಸುತ್ತಲಿನ ಕಡಲಿನ ಸಮೇತ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೋಳು ಕಲ್ಲಿನ ಮೇಲೆ ಜೀವ ತಾನಾಗಿ ಹೇಗೆ ಬಂದು ನೆಲೆಸುತ್ತದೆ ಎಂದು ನೋಡಬೇಕಿತ್ತು, ಅಷ್ಟೇ. ಬೀಜಗಳು ಅಲೆಯ ಮೇಲೆ ತೇಲಿ ಬಂದವು. ಕಡಲಹಕ್ಕಿಗಳು ಗೂಡು ಕಟ್ಟಿದವು, ಅವುಗಳ ಹಿಕ್ಕೆಯೇ ಗೊಬ್ಬರವಾಗಿ ಹಸಿರು ಹಬ್ಬಿತು. ಟೊಮೆಟೊ ಬೀಜ ಮಾತ್ರ ಅಲ್ಲಿಗೆ ಹೋಗಿದ್ದ ಮನುಷ್ಯನ ಹೊಟ್ಟೆಯಿಂದ ಬಿದ್ದದ್ದು. ಅದಕ್ಕೇ ಕಿತ್ತರು.

ಸಾವಿರ ಅಡಿ ಕೊರೆದರೂ ಕೊಳವೆಬಾವಿಯಲ್ಲಿ ಹನಿ ಕಾಣದ ನಮ್ಮ ಜಿಲ್ಲೆಯೂ ಒಂದು ಕಾಲಕ್ಕೆ ನೀರಡಿಯ ಬೆಂಕಿ ಕಂಡದ್ದೇ. ಕೆಜಿಎಫ್‌ನಲ್ಲಿ ದಿಂಬಿನಾಕಾರದ ಲಾವಾ ಬಂಡೆಗಳಿವೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಟ್ಟನೆ ಹೆಪ್ಪುಗಟ್ಟಿ, ಒಳಗಿನದು ಉಬ್ಬಿ, ಹಾಗೆ ದಿಂಬುಗಳಾಗುತ್ತವೆ. ಸುಮಾರು 270 ಕೋಟಿ ವರ್ಷಗಳ ಹಿಂದಿನ ಆ ಶಿಲೆ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೆಜಿಎಫ್ ಎಂದರೆ ಚಿನ್ನ ಎಂದಷ್ಟೇ ಕಲಿತ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ಮುಟ್ಟಿ ನೋಡಿದ್ದಾರೆ?

ಅಲ್ಲಿ ಎರಡು ವರ್ಷದ ಕಲ್ಲಿಗೆ ಕಾವಲು. ಇಲ್ಲಿ, ನಮ್ಮೂರ ಹಿಂದಿನ ಗುಡ್ಡವನ್ನು ಅರ್ಧ ಸಿಡಿಸಿ ಜಲ್ಲಿ ಮಾಡಿದ್ದಾರೆ. ಕೇಳಿದರೆ, "ಬರೀ ಬಂಡೆ ಸ್ವಾಮಿ, ಅದರಲ್ಲೇನಿದೆ?" ಎನ್ನುತ್ತಾರೆ. ಏನಿದೆ ಎಂದು ನಾನು ಹೇಳುತ್ತೇನೆ. ಬಿರುಕುಗಳಲ್ಲಿ ಸೀತಾಫಲವಿದೆ. ನವಿಲುಗಳಿವೆ. ಕುರಿ ಕಾಯುವವರು ಬೊಗಸೆಯಲ್ಲಿ ನೀರು ಕುಡಿಯುವ ದೊಣೆಯಿದೆ. ಇವನ್ನು ಯಾರೂ ನೆಟ್ಟು, ತೋಡಿ ಮಾಡಿದ್ದಲ್ಲ. ಮನೆ ಕಟ್ಟಲು ಕಲ್ಲು ಬೇಕು, ಒಪ್ಪುತ್ತೇನೆ. ನನ್ನ ಮನೆಯ ಪಾಯದಲ್ಲೂ ಕಲ್ಲೇ ಇದೆ. ಆದರೆ ಊರಿಗೊಂದು ಗುಡ್ಡವನ್ನಾದರೂ ಅದರ ಪಾಡಿಗೆ ಬಿಡಲಾರೆವೇ?

ಮುಂದಿನ ಗ್ರಾಮಸಭೆಯಲ್ಲಿ, ಉಳಿದಿರುವ ಅರ್ಧ ಗುಡ್ಡವನ್ನು ಮುಟ್ಟಬಾರದೆಂದು ಅರ್ಜಿ ಕೊಡುತ್ತಿದ್ದೇನೆ. ಊರಿನವರು ದಯವಿಟ್ಟು ಸಹಿ ಹಾಕಲು ಬನ್ನಿ.