ಭಟ್ರ ಕೋಳಿ ಫಾರ್ಮು

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಕೆ ತೋಟದ ಮಧ್ಯೆ ಇರುವ ಮನೆ. ಚಾತುರ್ಮಾಸ ಬಂದರೆ ಈರುಳ್ಳಿಯೂ ಒಳಗೆ ಬರುವುದಿಲ್ಲ. ಕೇಕಿನ ಪ್ಯಾಕೆಟಿನಲ್ಲಿ ಹಸಿರು ಚುಕ್ಕೆ ಉಂಟಾ ಅಂತ ಅಮ್ಮ ಕನ್ನಡಕ ಹಾಕಿ ನೋಡಿದ ಮೇಲೆಯೇ ಅದಕ್ಕೆ ಹೊಸ್ತಿಲು ದಾಟುವ ಯೋಗ. ಅಂಥ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಕಳೆದ ಜೂನ್ ತಿಂಗಳು ಹೆಚ್ಚುಕಡಿಮೆ ಪೂರ್ತಿ, ಕೋಳಿ ಯಾವಾಗ ಮೊಟ್ಟೆ ಇಡ್ತದೆ ಅಂತ ಕಾಯುತ್ತಾ ಕೂತಿದ್ದೆ.

ಕೋಳಿ ಇದ್ದದ್ದು ಮೊಬೈಲಿನೊಳಗೆ. ಮೈನ್‌ಕ್ರಾಫ್ಟ್ ಅಂತ ಒಂದು ಆಟ. ಸ್ವೀಡನ್ನಿನಲ್ಲಿ ಹುಟ್ಟಿದ್ದು, 2011ರಿಂದ ಊರಿನ ಮಕ್ಕಳನ್ನೆಲ್ಲ ಹಿಡಿದು ಕೂರಿಸಿದ್ದು. ಮರ ಚೌಕ, ಮಣ್ಣು ಚೌಕ, ದನ ಚೌಕ, ಸೂರ್ಯನೂ ಚೌಕ. ಬೇಸಿಗೆ ರಜೆಗೆ ಮಂಗಳೂರಿನಿಂದ ಬಂದ ಅಳಿಯ ನನ್ನ ಮೊಬೈಲಿಗೂ ಅದನ್ನು ಹಾಕಿ, ತನ್ನ ಲೋಕಕ್ಕೆ ನನ್ನನ್ನೂ ಸೇರಿಸಿಕೊಂಡ. ಶಾಲೆ ಶುರುವಾದದ್ದೇ ತಡ, "ಮಾವ, ನನಗಿನ್ನು ಭಾನುವಾರ ಮಾತ್ರ ಮೊಬೈಲು. ಕೋಳಿಗಳನ್ನು ನೀವು ನೋಡಿಕೊಳ್ಳಿ. ಬೀಜ ಹಾಕಿ. ಕೇಕಿಗೆ ಮೊಟ್ಟೆ ಬೇಕು" ಅಂತ ಹೇಳಿ ಬಸ್ಸು ಹತ್ತಿದ.

ಹನ್ನೆರಡು ಕೋಳಿ, ಸುತ್ತ ಮರದ ಬೇಲಿ, ಒಂದು ಸಣ್ಣ ಗೇಟು. ಇಷ್ಟು ನನಗೆ ಬಂದ ಆಸ್ತಿ.

ಮೊದಲ ದಿನ ಎರಡು ಕೋಳಿಗೆ ಬೀಜ ಹಾಕಿದೆ. ಎರಡರ ತಲೆ ಮೇಲೂ ಕೆಂಪು ಹೃದಯಗಳು ಏಳತೊಡಗಿದವು. ಕೊಕ್ಕಿಗೆ ಕೊಕ್ಕು ತಾಗಿಸಿ ನಿಂತವು. ನಾನು ಸಭ್ಯನಾಗಿ ಸ್ವಲ್ಪ ಆಚೆ ತಿರುಗಿದೆ. ಈಚೆ ತಿರುಗುವಾಗ ನಡುವೆ ಒಂದು ಮರಿ! ಮೊಟ್ಟೆ ಎಲ್ಲಿ? ಇಲ್ಲ. ನೇರ ಮರಿ. ಇನ್ನೆರಡಕ್ಕೆ ಹಾಕಿದೆ, ಇನ್ನೊಂದು ಮರಿ. ಅದು ದೊಡ್ಡದಾಗಲಿಕ್ಕೆ 20 ನಿಮಿಷ ಬೇಕು, ಅಲ್ಲಿವರೆಗೆ ದೊಡ್ಡ ಕೋಳಿಗಳ ಕಾಲಿಗೆ ಸಿಕ್ಕಿಕೊಂಡು ಚಿಂವ್ ಚಿಂವ್ ಅನ್ನುತ್ತಲೇ ಇರುತ್ತದೆ. ಎರಡೇ ದಿನದಲ್ಲಿ ಬೇಲಿಯೊಳಗೆ ಕುಂಬಳೆ ಆಯನದ ಜಾತ್ರೆಯ ಜನಸಂದಣಿ.

ಮೊಟ್ಟೆ ಮಾತ್ರ ಇಲ್ಲ.

ಅಳಿಯನನ್ನು ಕೇಳೋಣ ಅಂದರೆ ಭಾನುವಾರ ಬರಬೇಕು. ಭಾನುವಾರ ಬಂದರೆ ಅವನಿಗೆ ಪರೀಕ್ಷೆ, ಇಲ್ಲವೇ ನಮ್ಮಲ್ಲಿ ಮಳೆಗೆ ರೇಂಜಿಲ್ಲ. ಹಾಗಾಗಿ ತೋಟದ ಕೆಲಸಕ್ಕೆ ಬರುವ ಅಕ್ಕನನ್ನು ಕೇಳಿದೆ. ಅವರ ಮನೆಯಲ್ಲಿ ಯಾವತ್ತೂ ಏಳೆಂಟು ಕೋಳಿ ಇರುತ್ತದೆ. ನಲವತ್ತು ದಾಟಿದ ಗಂಡಸು ಮೊಬೈಲಿನಲ್ಲಿ ಕೋಳಿ ಸಾಕ್ತಾನೆ ಅಂತ ಹೇಳಲಿಕ್ಕೆ ನಾಚಿಕೆಯಾಗಿ, "ಗೊತ್ತಿದ್ದವರೊಬ್ಬರು ಸಾಕಿದ್ದಾರೆ, ಮೊಟ್ಟೆ ಇಡುವುದಿಲ್ಲ ಅಂತೆ" ಅಂದೆ. ಈ "ಗೊತ್ತಿದ್ದವರೊಬ್ಬರು" ಯಾರು ಅಂತ ಲೋಕದಲ್ಲಿ ಯಾರಿಗೆ ತಾನೇ ಗೊತ್ತಾಗುವುದಿಲ್ಲ ಹೇಳಿ.

ಅಕ್ಕ ಅಡಕೆ ಹಾಳೆ ಹೆಕ್ಕುವುದನ್ನು ನಿಲ್ಲಿಸಿ ಕೂತೇ ಪಾಠ ಮಾಡಿದರು. ಮೊಟ್ಟೆಗೆ ಹುಂಜ ಬೇಡ, ಮರಿಗೆ ಮಾತ್ರ ಬೇಕು. ಹೇಂಟೆ ಕಾವಿಗೆ ಕೂತರೆ 21 ದಿನ, ಆಗ ಮೊಟ್ಟೆ ಬಂದ್. ತಿನ್ನಲಿಕ್ಕೆ ಜಾಸ್ತಿ ಹಾಕಿದರೆ ಕೊಬ್ಬು ಕಟ್ಟಿ ಮೊಟ್ಟೆ ಕಡಿಮೆ. ಮಳೆಗಾಲದಲ್ಲಿ ಬೆಳಕು ಸಾಲದಿದ್ದರೂ ಕಡಿಮೆ. ಮರುವಾಯಿ ಚಿಪ್ಪು ಪುಡಿ ಮಾಡಿ ಹಾಕಿದರೆ ಓಡು ಗಟ್ಟಿ. ಎಲ್ಲ ಕೇಳಿಸಿಕೊಂಡು ನಾನು, "ಆದರೆ ಅಕ್ಕ, ಮೊಟ್ಟೆ ಇಲ್ಲದೆ ಮರಿ ಮಾತ್ರ ಆಗ್ತಾ ಉಂಟಂತೆ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಅದು ಕೋಳಿ ಅಲ್ಲ ಭಟ್ರೇ, ಬೆಕ್ಕು ಇರಬೇಕು. ಸರಿ ನೋಡ್ಲಿಕ್ಕೆ ಹೇಳಿ."

ಆದರೂ ಕೇಳಿದ್ದಷ್ಟನ್ನೂ ಆಟದಲ್ಲಿ ಮಾಡಿದೆ. ಬೀಜ ನಿಲ್ಲಿಸಿದೆ. ಬೆಳಕು ಸಾಲದು ಅಂತ ಬೇಲಿಯ ಸುತ್ತ ಪಂಜು ಹುಗಿದೆ. ಒಣಹುಲ್ಲಿನ ಕಟ್ಟು ತಂದು ಮೂಲೆಯಲ್ಲಿಟ್ಟೆ. ಮರುವಾಯಿ ಚಿಪ್ಪು ಮಾತ್ರ ಆ ಲೋಕದಲ್ಲಿ ಸಿಗಲಿಲ್ಲ. ಇಷ್ಟು ಮಾಡಿ ದಿನಾ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಬೇಲಿಯ ಹೊರಗೆ ನಿಂತು ಕಾವಲು. ಒಳಗೆ ಹೋಗುತ್ತಿರಲಿಲ್ಲ. ಯಾಕೆಂದರೆ ಒಳಗೆಲ್ಲ ಗಲೀಜು. ಆಗಾಗ ಒಂದು ಕೋಳಿ "ಪೊಳಕ್" ಅಂತ ಶಬ್ದ ಮಾಡುತ್ತಿತ್ತು, ಕೆಳಗೆ ಒಂದು ಬಿಳಿ ಚುಕ್ಕೆ ಬೀಳುತ್ತಿತ್ತು. ಛೆ, ಹಿಕ್ಕೆ ಹಾಕುವುದನ್ನೂ ತೋರಿಸಬೇಕಿತ್ತಾ ಇವರಿಗೆ ಅಂತ ಅನಿಸಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಮಾಯವಾಗುತ್ತಿತ್ತು. ನಮ್ಮ ದನದ ಹಟ್ಟಿಯಲ್ಲೂ ಹೀಗೆ ಆಗುವ ಹಾಗಿದ್ದರೆ ಅಂತ ಹೊಟ್ಟೆಕಿಚ್ಚೂ ಆಯಿತು.

ಈ ಮಧ್ಯೆ ಒಂದು ಸಂಜೆ, ಅಮ್ಮ ದೇವರ ಕೋಣೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನನ್ನ ಅಂಗಿ ಕಿಸೆಯಿಂದ ಕೋಳಿ ಕೂಗಿತು. "ಎಂತರ ಅದು? ಎಂಗಳ ಮನೆಲಿ ಕೋಳಿಯಾ?" ಅಂದರು ಅಮ್ಮ. ಆಚೆ ಮನೆಯದ್ದು ಅಂದೆ. ಆಚೆ ಮನೆ ಎಂದರೆ ಅರ್ಧ ಕಿಲೋಮೀಟರು.

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣಗಳಲ್ಲಿ ಹೊಗಳುತ್ತಾರೆ. ಸುದ್ದಿ ಹಬ್ಬುವ ವಿಷಯದಲ್ಲಿ ಇದರ ತೊಂದರೆ ಏನು ಅಂತ ಆ ಭಾಷಣದಲ್ಲಿ ಬರುವುದಿಲ್ಲ. ನಾನು ಅಕ್ಕನಲ್ಲಿ ಕೇಳಿದ್ದು ಕನ್ನಡದಲ್ಲಿ. ಅದು ತುಳುವಿಗೆ ಹೋಗುವಾಗ ಭಟ್ರು ಕೋರಿ ಸಾಕುತ್ತಾರಂತೆ ಅಂತ ಆಯಿತು. ಆಟೋ ಸ್ಟ್ಯಾಂಡಿನಲ್ಲಿ ಮಲಯಾಳಕ್ಕೆ ತಿರುಗುವಾಗ ಭಟ್ಟರಿಗೆ "ಮುಟ್ಟ"ದ, ಅಂದರೆ ಮೊಟ್ಟೆಯ, ಫಾರ್ಮು. ಅಲ್ಲಿಂದ ಬ್ಯಾರಿ ಭಾಷೆಯಲ್ಲಿ ಮೀನಿನ ಗಾಡಿಯ ಜೊತೆ ಇಡೀ ಪಂಚಾಯತು ಸುತ್ತಿ, ಪುತ್ತೂರಿನ ನನ್ನ ಅತ್ತೆಯ ಕಿವಿಗೆ ಹವ್ಯಕ ಭಾಷೆಯಲ್ಲಿ ಬೀಳುವ ಹೊತ್ತಿಗೆ, ನಾನು ಅಡಕೆ ಗಿಡ ಕಡಿಸಿ ಕೋಳಿ ಶೆಡ್ಡು ಕಟ್ಟಿಸಿ ಮಂಗಳೂರಿಗೆ ಲೋಡುಗಟ್ಟಲೆ ಮೊಟ್ಟೆ ಕಳಿಸುತ್ತಿದ್ದೆ. ಒಂದು ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿಯಲ್ಲಿ ಭಾವ ಒಬ್ಬರು ಪಾಯಸ ಸುರಿಯುತ್ತಾ ಮೆಲ್ಲಗೆ, "ಡಜನಿಗೆ ಎಷ್ಟು ಸಿಗ್ತದೆ ಈಗ?" ಅಂತ ಕೇಳಿದರು. ಹೆಂಡತಿ ಹೆಂಗಸರ ಪಂಕ್ತಿಯಿಂದ ನೋಡಿದ ನೋಟಕ್ಕೆ ನಾನು ಎರಡನೇ ಸಲ ಪಾಯಸ ಹಾಕಿಸಿಕೊಳ್ಳಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಅಳಿಯ ಫೋನಿಗೆ ಸಿಕ್ಕಿದ. ಜಗಲಿಯಲ್ಲಿ ಸ್ಪೀಕರಿಗೆ ಹಾಕಿ ಮಾತಾಡಿದ್ದು ನನ್ನ ದಡ್ಡತನ. ಅಕ್ಕ ಅಲ್ಲೇ ಮೆಟ್ಟಿಲಲ್ಲಿ ಕೂತು ಚಾ ಕುಡಿಯುತ್ತಿದ್ದರು.

"ಮೊಟ್ಟೆ ಎಷ್ಟಾಯಿತು ಮಾವ?"

"ಒಂದೂ ಇಲ್ಲ ಮಾರಾಯ. ಬರೀ ಹಿಕ್ಕೆ ಹಾಕ್ತವೆ."

ಆ ಕಡೆ ಸ್ವಲ್ಪ ಹೊತ್ತು ಶಬ್ದವೇ ಇಲ್ಲ. ಆಮೇಲೆ, "ಮಾವ, ಈ ಆಟದಲ್ಲಿ ಯಾವ ಪ್ರಾಣಿಯೂ ಹಿಕ್ಕೆ ಹಾಕೋದಿಲ್ಲ."

ದೊಡ್ಡದಾದ ಒಂದೊಂದು ಕೋಳಿಯೂ 5ರಿಂದ 10 ನಿಮಿಷಕ್ಕೆ ಒಂದು ಮೊಟ್ಟೆ ಇಡುತ್ತದಂತೆ, ಬೀಜ ಹಾಕಲಿ, ಬಿಡಲಿ. ಬೀಜ ಬರೀ ಮರಿಗೆ. ಹತ್ತಿರ ಹೋಗಿ ಹೆಕ್ಕದಿದ್ದರೆ 5 ನಿಮಿಷದಲ್ಲಿ ಬಿದ್ದ ಮೊಟ್ಟೆ ಮಾಯ. ನಾವು ಆಟದಿಂದ ಹೊರಗೆ ಬಂದರೆ ಅಥವಾ ತುಂಬ ದೂರ ಹೋದರೆ ಕೋಳಿಯೂ ಇಡುವುದಿಲ್ಲ, ಆ ಜಾಗವೇ ನಿದ್ದೆ ಹೋಗುತ್ತದೆ. ಫೋನಿಟ್ಟು ಲೆಕ್ಕ ಹಾಕಿದೆ. ಮೊದಲಿನ ಹನ್ನೆರಡೇ ಅಂತ ಹಿಡಿದರೂ ಗಂಟೆಗೆ ಕಡಿಮೆ ಅಂದರೆ 72. ಮೂರು ವಾರಕ್ಕೆ 1500 ಮೊಟ್ಟೆಗೆ ಮೇಲೆ, ನನ್ನ ಕಣ್ಣೆದುರು, ನಾನು ಮೂಗು ಮುರಿದುಕೊಂಡು ನಿಂತಿದ್ದಾಗ ಹೋದದ್ದು.

ಆ ರಾತ್ರಿ ಮೊದಲ ಸಲ ಬೇಲಿಯೊಳಗೆ ಕಾಲಿಟ್ಟೆ. ಪೊಳಕ್ ಅಂದಿತು, ಹೆಕ್ಕಿದೆ. ಹುಟ್ಟಿದ ಮೇಲೆ ಕೈಗೆ ಬಂದ ಮೊದಲ ಮೊಟ್ಟೆ. ಗಡಿಬಿಡಿಯಲ್ಲಿ ಬೆರಳು ಎಲ್ಲೋ ತಾಗಿ ಅದನ್ನು ಎಸೆದೇ ಬಿಟ್ಟೆ. ಎಸೆದ ಮೊಟ್ಟೆಯಿಂದ 8ರಲ್ಲಿ ಒಂದು ಸಲ ಮರಿ ಬರುತ್ತದಂತೆ, ಬಂತು. ಇನ್ನೊಂದು ಮರಿ! ಎರಡನೆಯದನ್ನು ಉಸಿರು ಬಿಗಿಹಿಡಿದು ಪೆಟ್ಟಿಗೆಗೆ ಹಾಕಿದೆ. ಮರುದಿನ ಅಳಿಯ ಹೇಳಿದ ಹಾಗೆ 5 ಕಬ್ಬಿಣದ ತುಂಡು, ಒಂದು ಪೆಟ್ಟಿಗೆ ಸೇರಿಸಿ ಹಾಪರ್ ಅಂತ ಮಾಡಿ ಕೋಳಿಗಳ ಕಾಲಡಿಗೆ ಇಟ್ಟೆ. ಈಗ ಮೊಟ್ಟೆ ತಾನಾಗಿಯೇ ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ಕೇಕೂ ಆಯಿತು: 3 ಬಕೆಟ್ ಹಾಲು, 2 ಸಕ್ಕರೆ, 3 ಗೋಧಿ, 1 ಮೊಟ್ಟೆ. "ಎಗ್‌ಲೆಸ್ ಆಗುವುದಿಲ್ವಾ?" ಅಂತ ಹೆಂಡತಿ ಕೇಳಿದಳು. ಆಗುವುದಿಲ್ಲ, ಕೇಳಿ ನೋಡಿದ್ದೇನೆ.

ಹೊರಗಿನ ಲೋಕದಲ್ಲಿ ಮಾತ್ರ ಸುದ್ದಿ ನಿಲ್ಲಲಿಲ್ಲ. ಕಳೆದ ವಾರ ವಾರ್ಡಿನ ಮೆಂಬರ್ ಫೋನ್ ಮಾಡಿ, "ಭಟ್ಟರೇ, ಪಂಚಾಯತಿನಿಂದ ಮೊಟ್ಟೆಕೋಳಿ ಕೊಡ್ಲಿಕ್ಕೆ ಉಂಟು. ನಿಮಗೆ ಆಸಕ್ತಿ ಅಂತ ಕೇಳಿದೆ, ಅರ್ಜಿ ತುಂಬಿಸುವುದಾ?" ಅಂದರು. ಅಮ್ಮ ಎದುರಿಗೇ ಕೂತು ಹೂ ಕಟ್ಟುತ್ತಿದ್ದರು. ಎದ್ದು ಅಂಗಳಕ್ಕೆ ಹೋಗಿ, ಅಕ್ಕನ ಹೆಸರಿನಲ್ಲಿ ತುಂಬಿಸಿ ಅಂತ ಮೆಲ್ಲಗೆ ಹೇಳಿದೆ.

ಅಕ್ಕನಿಗೆ ಖುಷಿಯೋ ಖುಷಿ. "ಮೊದಲ ಮೊಟ್ಟೆ ನಿಮಗೇ ತಂದು ತೋರಿಸ್ತೇನೆ ಭಟ್ರೇ," ಅಂದರು. ತಲೆಗೆ ಹಾಳೆಟೊಪ್ಪಿ ಇಟ್ಟುಕೊಂಡು ತೋಟಕ್ಕೆ ಇಳಿದವರು ಅರ್ಧ ದಾರಿಯಲ್ಲಿ ತಿರುಗಿ ನಿಂತು ಕೂಗಿದರು: "ಬಿಳಿ ಉಂಟಲ್ಲ, ಉರುಟು, ಅದು ಮೊಟ್ಟೆ!"