ವೈನ್ ಹಳೆಯದಾದಷ್ಟೂ ರುಚಿಯಾ? ಹಾಗೇನಿಲ್ಲ

ಪುಣೆಯ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಓಡಾಡುತ್ತಿದೆ: ಮೊನ್ನೆ ಕೋಥ್ರೂಡ್‌ನಲ್ಲಿ ರುಚಿ ನೋಡಿದ ನಾಲ್ಕು ರೆಡ್ ವೈನ್‌ಗಳಲ್ಲಿ ತೀರಾ ಹಳೆಯದೇ ಚೆನ್ನಾಗಿತ್ತು, ಬಾಟಲಿ ಇಟ್ಟಷ್ಟೂ ಒಳ್ಳೆಯದು ಅಂತ. ಬಾಟಲಿ ಬಿಚ್ಚಿದವನು ನಾನೇ. ಆದದ್ದು ಬೇರೆ.

ತೀರಾ ಹಳೆಯದು 1998ರದ್ದು. ಕಾರ್ಕ್ ಒಣಗಿ ಪುಡಿಪುಡಿಯಾಯಿತು. ಚಹಾ ಜರಡಿಯಲ್ಲಿ ಸೋಸಿದೆ. ಬಣ್ಣ ಕಂದು, ವಾಸನೆ ವಿನೆಗರ್‌ನದು. ಒಂದೇ ಗುಟುಕು, ಉಳಿದದ್ದು ಸಿಂಕಿಗೆ. ಇನ್ನೆರಡು ಪರವಾಗಿಲ್ಲ. ಎಲ್ಲರ ಬಾಯಿ ಮುಚ್ಚಿಸಿದ್ದು 2010ರ ಬರೋಲೋ. ಇಟಲಿಯ ನೆಬ್ಬಿಯೋಲೋ ದ್ರಾಕ್ಷಿಯದು. ಅದರಲ್ಲಿ ಟ್ಯಾನಿನ್, ಹುಳಿ ಎರಡೂ ಜಾಸ್ತಿ, ಅದಕ್ಕೇ ಬಾಳಿಕೆ. ಕಡು ಚಹಾ ಕುಡಿದರೆ ನಾಲಿಗೆ ಒಗರಾಗುತ್ತದಲ್ವಾ, ಅದೇ ಟ್ಯಾನಿನ್ ಕೆಲಸ. ವರ್ಷ ಕಳೆದಂತೆ ಆ ಒಗರು ಮೆತ್ತಗಾಗುತ್ತದೆ.

ಅಂಗಡಿಯಲ್ಲಿ ಸಿಗುವ ಬಹುಪಾಲು ರೆಡ್ ವೈನ್ ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ಇಡುವುದೇ ಆದರೆ 12–14 ಡಿಗ್ರಿ ತಂಪು, ಕತ್ತಲೆ ಬೇಕು. ಕಾರ್ಕ್ ಒಣಗದಂತೆ ಬಾಟಲಿ ಮಲಗಿಸಬೇಕು. ಪುಣೆಯ ಮೇ ಬಿಸಿಲಿನಲ್ಲಿ ಅಡುಗೆಮನೆ ಅಟ್ಟದ ಮೇಲಲ್ಲ!

ಇನ್ನೊಂದು, ತಳದಲ್ಲಿ ಗಸಿ ಕಂಡರೆ ವೈನ್ ಕೆಟ್ಟಿದೆ ಅಂತಲ್ಲ. ಆ ಬರೋಲೋದಲ್ಲೂ ಗಸಿ ಇತ್ತು.